ಸೌದೆ ಒಲೆ: ಉರಿಗಿಂತ ಹೊಗೆಗೆ ಹೆದರಬೇಕು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಮನೆಯೊಳಗೆ ಸೌದೆ ಒಲೆ ಇಟ್ಟುಕೊಂಡಿರುವವರಲ್ಲಿ ಹೆಚ್ಚಿನವರು ಹೆದರುವುದು ಧಗಧಗಿಸುವ ಉರಿಗೆ. ಉರಿ ಎದ್ದ ಕೂಡಲೇ ಗಾಳಿಕಿಂಡಿಯನ್ನು ಮುಚ್ಚಿ, ಬೆಂಕಿಯನ್ನು ತಗ್ಗಿಸಿ, ಒಳಗೆ ಸಣ್ಣಗೆ ಹೊಗೆಯಾಡುತ್ತಿರುವುದನ್ನು ಕಂಡ ಮೇಲೆ ಇನ್ನು ಭಯವಿಲ್ಲವೆಂದು ನೆಮ್ಮದಿಯಿಂದ ಮಲಗುತ್ತಾರೆ. ಹಲವು ವರ್ಷಗಳಿಂದ ಇಂಥ ಒಲೆಯನ್ನು ಬಳಸುತ್ತ ಬಂದಿರುವ ನನಗೆ ಈ ನಂಬಿಕೆ ಪೂರ್ತಿ ತಲೆಕೆಳಗಾದುದು ಎಂಬುದು ಮನವರಿಕೆಯಾಗಿದೆ. ಒಣಗಿದ ಸೌದೆ, ಸಾಕಷ್ಟು ಗಾಳಿ ಮತ್ತು ಸ್ವಚ್ಛವಾದ ಹೊಗೆಕೊಳವೆ ಇರುವ ಒಲೆಯಲ್ಲಿ ಚುರುಕಾಗಿ ಉರಿಯುವ ಬೆಂಕಿಗಿಂತ, ಉಸಿರುಗಟ್ಟಿ ಹೊಗೆಯಾಡುವ ಬೆಂಕಿಯೇ ಮನೆಗೆ ಹೆಚ್ಚು ಅಪಾಯಕಾರಿ. ಕೊಳವೆಯೊಳಗೆ ಹತ್ತಿಕೊಳ್ಳುವ ಬೆಂಕಿ, ಕೋಣೆಯಲ್ಲಿ ಸದ್ದಿಲ್ಲದೆ ತುಂಬುವ ವಿಷಾನಿಲ, ಮನೆಯವರನ್ನು ಬಿಡದೆ ಕಾಡುವ ಕೆಮ್ಮು, ಈ ಮೂರರ ಮೂಲವನ್ನು ಹುಡುಕುತ್ತ ಹೋದರೆ ಬಹುಮಟ್ಟಿಗೆ ಅಲ್ಲಿಗೇ ಬಂದು ತಲುಪುತ್ತೇವೆ. ಈ ಕುರಿತು ಸ್ವಲ್ಪ ದೀರ್ಘವಾಗಿಯೇ ಬರೆಯಲು ತಮ್ಮ ಅನುಮತಿ ಕೋರುತ್ತೇನೆ. ನಾನಿಲ್ಲಿ ಹೇಳುತ್ತಿರುವುದು ಬಾಗಿಲು, ಗಾಳಿಕಿಂಡಿ ಹಾಗೂ ಮಾಡಿನ ಮೇಲಕ್ಕೆ ಹೋಗುವ ಹೊಗೆಕೊಳವೆ ಇರುವ ಕಬ್ಬಿಣದ ಮುಚ್ಚಿದ ಒಲೆಯನ್ನು ಕುರಿತು.

ಸೌದೆ ಹೇಗೆ ಉರಿಯುತ್ತದೆ ಎಂಬುದನ್ನು ಅರಿತರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಒಲೆಗೆ ಹಾಕಿದ ತುಂಡಿನಲ್ಲಿರುವ ನೀರು ಮೊದಲು ಆವಿಯಾಗಿ ಹೋಗಬೇಕು. ಆ ಬಳಿಕ ಕಾವು ಇನ್ನೂರೈವತ್ತು, ಮುನ್ನೂರು ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಮರ ಒಡೆದು ಅನಿಲಗಳನ್ನು ಬಿಡತೊಡಗುತ್ತದೆ. ನಮಗೆ ಕಾಣುವ ಜ್ವಾಲೆ ಈ ಅನಿಲಗಳದ್ದೇ. ಸೌದೆಯಿಂದ ಸಿಗುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಇವುಗಳಲ್ಲಿ ಅಡಗಿರುತ್ತದೆ. ಅನಿಲಗಳೆಲ್ಲ ಹೊರಟುಹೋದ ಮೇಲೆ ಉಳಿಯುವ ಇದ್ದಿಲು ಕೆಂಡವಾಗಿ ಉರಿಯುತ್ತದೆ. ಆದರೆ ಈ ಅನಿಲಗಳು ಪೂರ್ತಿಯಾಗಿ ಉರಿಯಬೇಕಾದರೆ ಒಲೆಯ ಒಡಲಿನಲ್ಲಿ ಸುಮಾರು ಆರುನೂರು ಡಿಗ್ರಿಯಷ್ಟು ಕಾವೂ, ಬೇಕಾದಷ್ಟು ಆಮ್ಲಜನಕವೂ ಒಟ್ಟಿಗೆ ಇರಬೇಕು. ಎರಡರಲ್ಲಿ ಯಾವುದು ಕಡಿಮೆಯಾದರೂ ಅನಿಲಗಳು ಉರಿಯದೆ ಹೊಗೆಯಾಗಿ ಕೊಳವೆಯತ್ತ ಸಾಗುತ್ತವೆ. ಅಂದರೆ, ಮಾಡಿನ ಮೇಲೆ ದಟ್ಟವಾಗಿ ಏಳುವ ಹೊಗೆಯೆಂದರೆ ನಾವು ಕಷ್ಟಪಟ್ಟು ಕಡಿದು, ಸೀಳಿ, ಹೊತ್ತು ತಂದ ಸೌದೆ ಉರಿಯದೆಯೇ ಹೊರಗೆ ಹೋಗುತ್ತಿರುವುದು. ಅದು ಪೂರ್ತಿ ಹೊರಗೆ ಹೋದರೂ ಒಂದು ಮಾತು; ಅದರಲ್ಲಿ ಒಂದು ಪಾಲು ಕೊಳವೆಯ ಒಳಮೈಗೆ ಅಂಟಿಕೊಂಡು ಉಳಿಯುತ್ತದೆ.

ಆದ್ದರಿಂದ ಸುರಕ್ಷತೆಯ ಕೆಲಸ ಆರಂಭವಾಗುವುದು ಒಲೆಯ ಮುಂದೆ ಅಲ್ಲ, ಸೌದೆ ಒಟ್ಟುವ ಜಾಗದಲ್ಲಿ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದು. ಎರಡು ಕಿಲೊ ತೂಗುವ ಅಂಥ ಹಸಿ ತುಂಡೊಂದನ್ನು ಒಲೆಗೆ ಹಾಕುವುದೆಂದರೆ ಬೆಂಕಿಯ ಮೇಲೆ ಒಂದು ಲೀಟರ್ ನೀರನ್ನು ಇಟ್ಟಂತೆಯೇ. ಆ ನೀರನ್ನು ಕಾಯಿಸಿ ಆವಿಮಾಡಲು ಸುಮಾರು 2.6 ಮೆಗಾಜೂಲ್ ಶಾಖ ಬೇಕು. ಶಾಖ ನಷ್ಟವಾಗುವುದಷ್ಟೇ ಆಗಿದ್ದರೆ ಇನ್ನೊಂದು ತುಂಡು ಹೆಚ್ಚಿಗೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಆ ಆವಿ ಒಲೆಯ ಒಡಲನ್ನು ತಣ್ಣಗಾಗಿಸುತ್ತದೆ, ಅನಿಲಗಳು ಹೊತ್ತಿಕೊಳ್ಳುವಷ್ಟು ಕಾವು ಅಲ್ಲಿ ನಿಲ್ಲುವುದೇ ಇಲ್ಲ. ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆಯಿರಬೇಕು ಎಂಬ ಅಳತೆಯನ್ನು ಎಲ್ಲೆಡೆಯ ತಜ್ಞರು ಒಪ್ಪುತ್ತಾರೆ. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ, ಎರಡು ಘನ ಮೀಟರ್‌ಗಿಂತ ಕಡಿಮೆ ಪ್ರಮಾಣದಲ್ಲಿ ಮನೆಬಳಕೆಗೆ ಮಾರುವ ಸೌದೆಯ ತೇವ ಈ ಮಿತಿಯೊಳಗೇ ಇರಬೇಕೆಂದು ಕಾನೂನನ್ನೇ ಮಾಡಲಾಗಿದೆ. ಒಲೆಯಷ್ಟೇ ಸೌದೆಯ ಗುಣವೂ ಮುಖ್ಯವೆಂದು ಒಂದು ಸರ್ಕಾರ ಒಪ್ಪಿಕೊಂಡದ್ದು ಸರಿಯಾದ ಹೆಜ್ಜೆ ಎಂಬುದು ನನ್ನ ಅಭಿಪ್ರಾಯ.

ಕಾನೂನು ಇರಲಿ ಬಿಡಲಿ, ತೇವವನ್ನು ನಾವೇ ಪರೀಕ್ಷಿಸಿಕೊಳ್ಳಬಹುದು. ಒಣಗಿದ ತುಂಡು ಗಾತ್ರಕ್ಕೆ ಹಗುರವಾಗಿರುತ್ತದೆ, ಅದರ ಕೊನೆಗಳಲ್ಲಿ ನಡುವಿನಿಂದ ಅಂಚಿನವರೆಗೆ ಬಿರುಕುಗಳು ಬಿಟ್ಟಿರುತ್ತವೆ, ತೊಗಟೆ ಕೈಯಲ್ಲಿ ಎಳೆದರೆ ಕಳಚಿಕೊಳ್ಳುತ್ತದೆ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎಂಬ ಗಟ್ಟಿ ಸದ್ದು ಬರಬೇಕು; ಮಂದವಾದ ಸದ್ದು ಬಂದರೆ ಒಳಗೆ ಇನ್ನೂ ಹಸಿಯಿದೆ ಎಂದರ್ಥ. ತೇವಮಾಪಕ ಎಂಬ ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನವೂ ಸಿಗುತ್ತದೆ. ಆದರೆ ಅದರ ಮುಳ್ಳುಗಳನ್ನು ತುಂಡಿನ ಹೊರಮೈಗೆ ಚುಚ್ಚಿ ನೋಡುವುದರಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ಬಿಸಿಲು ತಾಗಿದ ಹೊರಮೈ ಯಾವಾಗಲೂ ಒಣಗಿದಂತೆಯೇ ತೋರುತ್ತದೆ. ಅದೇ ತುಂಡನ್ನು ಕೊಡಲಿಯಿಂದ ಎರಡಾಗಿ ಸೀಳಿ, ಆಗಷ್ಟೇ ತೆರೆದ ಒಳಮೈಯ ನಡುಭಾಗಕ್ಕೆ ಚುಚ್ಚಿದಾಗ ಅಂಕಿ ಥಟ್ಟನೆ ಮೇಲೇರುವುದನ್ನು ಕಾಣಬಹುದು; ಕೆಲವೊಮ್ಮೆ ಆ ಒಳಮೈಗೆ ಕೆನ್ನೆ ತಾಗಿಸಿದರೂ ತಂಪು ತಿಳಿಯುತ್ತದೆ. ನಂಬಬೇಕಾದದ್ದು ಆ ಒಳಗಿನ ಅಂಕಿಯನ್ನು.

ಒಣಗಿಸುವುದರಲ್ಲಿ ಗುಟ್ಟೇನೂ ಇಲ್ಲ, ಬೇಕಾದದ್ದು ತಾಳ್ಮೆ. ದಿಮ್ಮಿಯನ್ನು ಇಡಿಯಾಗಿ ಇಟ್ಟರೆ ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ; ಸೀಳಿ ಇಟ್ಟರೆ ಬೇಗ ಒಣಗುತ್ತದೆ. ನೆಲಕ್ಕೆ ತಾಗದಂತೆ ಅಡ್ಡಪಟ್ಟಿಗಳ ಮೇಲೆ ಒಟ್ಟಿ, ಮೇಲ್ಭಾಗಕ್ಕೆ ಮಾತ್ರ ಮಳೆ ತಾಗದಂತೆ ಹೊದಿಸಿ, ಪಕ್ಕಗಳನ್ನು ಗಾಳಿಯಾಡಲು ತೆರೆದಿಡಬೇಕು. ಇಡೀ ರಾಶಿಗೆ ಟಾರ್ಪಾಲು ಸುತ್ತಿ ಬಿಗಿಯುವವರು ಒಳಗೆ ಆವಿಯನ್ನು ಕೂಡಿಹಾಕಿ ಬೂಷ್ಟು ಬೆಳೆಸುತ್ತಾರೆಯೇ ಹೊರತು ಸೌದೆಯನ್ನು ಒಣಗಿಸುವುದಿಲ್ಲ. ಹಗುರ ಜಾತಿಯ ಮರಕ್ಕೆ ಆರು ತಿಂಗಳು, ಒಂದು ವರ್ಷ ಸಾಕಾದರೆ, ಗಟ್ಟಿ ಜಾತಿಯ ಮರಕ್ಕೆ ಎರಡು ವರ್ಷ ಹಿಡಿಯುವುದೂ ಉಂಟು. ಬರುವ ವರ್ಷದ ಸೌದೆಯನ್ನು ಈ ವರ್ಷವೇ ಸೀಳಿ ಒಟ್ಟಿಡುವ ಮನೆಗಳಲ್ಲಿ ಒಲೆಯ ತಾಪತ್ರಯಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಏನನ್ನು ಉರಿಸಬಾರದು ಎಂಬ ಮಾತನ್ನು ಬೇಗ ಮುಗಿಸುತ್ತೇನೆ. ಬಣ್ಣ ಅಥವಾ ವಾರ್ನಿಶ್ ಬಳಿದ ಹಲಗೆ, ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರ, ಪ್ಲೈವುಡ್, ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು, ಪ್ಲಾಸ್ಟಿಕ್, ಮಿರುಗುವ ಬಣ್ಣದ ಕಾಗದ, ಮನೆಯ ಕಸ, ಇವು ಯಾವುವೂ ಒಲೆಗೆ ಸಲ್ಲದು. ರಾಸಾಯನಿಕ ಕುಡಿಸಿದ ಹಳೆಯ ಮರದಲ್ಲಿ ಆರ್ಸೆನಿಕ್, ಕ್ರೋಮಿಯಂ ಮತ್ತು ತಾಮ್ರ ಇರುವುದುಂಟು. ಸುಟ್ಟರೆ ಅದರ ವಿಷ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ನೆನೆದ ಮರದ ಉಪ್ಪು ಒಲೆಯ ಕಬ್ಬಿಣವನ್ನು ತಿನ್ನುವುದಲ್ಲದೆ ಹೊಗೆಯನ್ನೂ ವಿಷವಾಗಿಸುತ್ತದೆ. ಸೌದೆಗೆಂದು ಮಾಡಿದ ಒಲೆಯಲ್ಲಿ ಕಲ್ಲಿದ್ದಲನ್ನೂ ಹಾಕಬಾರದು.

ಇನ್ನು ಬೆಂಕಿ ಹೊತ್ತಿಸುವ ವಿಷಯ. ಕಡ್ಡಿ ಗೀರುವ ಮೊದಲು ಕೊಳವೆ ಗಾಳಿಯನ್ನು ಮೇಲಕ್ಕೆ ಎಳೆಯುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಬಿಸಿಗಾಳಿ ಹಗುರವಾದ್ದರಿಂದ ಕೊಳವೆಯಲ್ಲಿ ಮೇಲೇರುತ್ತದೆ, ಆ ಏರಿಕೆಯೇ ಒಲೆಗೆ ಹೊಸ ಗಾಳಿಯನ್ನು ಸೆಳೆದು ತರುತ್ತದೆ; ಇಡೀ ಒಲೆ ನಡೆಯುವುದು ಈ ಸೆಳೆತದ ಬಲದಿಂದ. ಹಲವು ದಿನ ಉರಿಸದೆ ಬಿಟ್ಟ ಕೊಳವೆಯೊಳಗೆ ತಣ್ಣನೆಯ ಗಾಳಿ ಭಾರವಾಗಿ ಕುಳಿತಿರುತ್ತದೆ. ಬಾಗಿಲು ತೆರೆದು ಒಳಗೆ ಕೈಯಿಟ್ಟಾಗ ಮುಂಗೈಗೆ ತಂಪುಗಾಳಿ ಇಳಿದು ಬಂದಂತೆ ಅನಿಸಿದರೆ, ಆಗ ಹೊತ್ತಿಸಿದ ಬೆಂಕಿಯ ಹೊಗೆಯೆಲ್ಲ ಕೋಣೆಗೇ ಬರುತ್ತದೆ. ಅಂಥ ವೇಳೆ ಒಂದು ಹಾಳೆ ಕಾಗದವನ್ನು ಸುತ್ತಿ ಹೊತ್ತಿಸಿ, ಒಲೆಯ ಒಡಲಿನ ಮೇಲ್ಭಾಗದಲ್ಲಿ, ಕೊಳವೆಯ ಬಾಯಿಯ ಹತ್ತಿರ ಸ್ವಲ್ಪ ಹೊತ್ತು ಹಿಡಿಯಬೇಕು. ಮೊದಲು ಈಚೆಗೆ ಬಾಗುತ್ತಿದ್ದ ಜ್ವಾಲೆ ನೋಡನೋಡುತ್ತಲೇ ನೆಟ್ಟಗಾಗಿ, ಬಳಿಕ ಮೇಲಕ್ಕೆ ಎಳೆದುಕೊಂಡಂತೆ ಉದ್ದವಾಗುತ್ತದೆ. ಅದಾದ ಮೇಲೆ ಸೌದೆಗೆ ಬೆಂಕಿ ಹಚ್ಚಬಹುದು. ಅಡುಗೆಮನೆಯಲ್ಲೋ ಬಚ್ಚಲಿನಲ್ಲೋ ಗಾಳಿಯನ್ನು ಹೊರಗೆಳೆಯುವ ಫ್ಯಾನು ತಿರುಗುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ, ಒಂದು ಕಿಟಕಿಯನ್ನು ತುಸು ತೆರೆದಿಡಬೇಕು. ಏಕೆಂದರೆ ಕಿಟಕಿ ಬಾಗಿಲುಗಳೆಲ್ಲ ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಆ ಫ್ಯಾನು ತನಗೆ ಬೇಕಾದ ಗಾಳಿಯನ್ನು ಹೊಗೆಕೊಳವೆಯಿಂದಲೇ ಕೆಳಗೆಳೆದುಕೊಳ್ಳುತ್ತದೆ, ಅದರ ಜೊತೆಗೆ ಹೊಗೆಯೂ ಇಳಿಯುತ್ತದೆ.

ಕೆಳಗೆ ಕಾಗದ, ಅದರ ಮೇಲೆ ಪುರಲೆ, ಎಲ್ಲಕ್ಕಿಂತ ಮೇಲೆ ದಪ್ಪ ಸೌದೆ ಇಟ್ಟು ಅಡಿಯಿಂದ ಬೆಂಕಿ ಕೊಡುವುದು ನಮಗೆಲ್ಲ ರೂಢಿಯಾಗಿರುವ ಕ್ರಮ. ಮುಚ್ಚಿದ ಒಲೆಗೆ ಇದಕ್ಕಿಂತ ಒಳ್ಳೆಯದು ಮೇಲಿನಿಂದ ಕೆಳಕ್ಕೆ ಹೊತ್ತಿಸುವ ಕ್ರಮ, ಇದನ್ನು ನಾನು ಒತ್ತಿ ಹೇಳುತ್ತೇನೆ. ಎರಡೋ ಮೂರೋ ದಪ್ಪ ಸೀಳುಗಳನ್ನು, ನಡುವೆ ಗಾಳಿಯಾಡಲು ಬೆರಳಗಲ ಜಾಗ ಬಿಟ್ಟು, ಅಡಿಯಲ್ಲಿ ಇಡಬೇಕು. ಅವುಗಳ ಮೇಲೆ ಅಡ್ಡಡ್ಡವಾಗಿ ಸಣ್ಣ ಸೀಳುಗಳನ್ನೂ, ಅವುಗಳ ಮೇಲೆ ಬೆರಳು ಗಾತ್ರದ ಒಣ ಚಕ್ಕೆಗಳನ್ನೂ ಜೋಡಿಸಿ, ಎಲ್ಲಕ್ಕಿಂತ ಮೇಲೆ ಕಾಗದದ ಉಂಡೆಯನ್ನೋ ಮರದ ಹೊಟ್ಟು ಮತ್ತು ಮೇಣ ಸೇರಿಸಿ ಮಾಡಿದ ಬಿಲ್ಲೆಯನ್ನೋ ಇಟ್ಟು ಹಚ್ಚಬೇಕು. ಗಾಳಿಕಿಂಡಿಗಳು ಪೂರ್ತಿ ತೆರೆದಿರಬೇಕು. ಉರಿ ಮೇಲಿನಿಂದ ಒಂದೊಂದೇ ಸಾಲನ್ನು ಹಿಡಿದು ಕೆಳಗಿಳಿಯುವಾಗ, ಕೆಳಗಿನ ಸೌದೆ ಬಿಡುವ ಅನಿಲಗಳು ಆಗಲೇ ಉರಿಯುತ್ತಿರುವ ಜ್ವಾಲೆಯ ನಡುವೆ ಹಾದು ಹೋಗಬೇಕಾಗುತ್ತದೆ, ಹಾದು ಹೋಗುವಾಗ ಉರಿದುಬಿಡುತ್ತವೆ. ಕೊಳವೆಯೂ ಮೊದಲ ನಿಮಿಷದಿಂದಲೇ ಬಿಸಿಯಾಗುತ್ತದೆ. ಮೊದಲ ಬಾರಿ ಹೀಗೆ ಹೊತ್ತಿಸಿದವರು ಹೊರಗೆ ಹೋಗಿ ಕೊಳವೆಯ ತುದಿಯನ್ನು ನೋಡಲಿ; ಹಿಂದಿನ ಕ್ರಮದಲ್ಲಿ ದಟ್ಟವಾಗಿ ಹೊರಡುತ್ತಿದ್ದ ಬಿಳಿಹೊಗೆ ಎಷ್ಟು ಕಡಿಮೆಯಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ನಡುವೆ ಕೆದಕುವ, ಊದುವ, ಪದೇ ಪದೇ ಬಾಗಿಲು ತೆರೆಯುವ ಕೆಲಸವೂ ತಪ್ಪುತ್ತದೆ.

ಸೀಮೆಎಣ್ಣೆ, ಪೆಟ್ರೋಲು, ಸ್ಪಿರಿಟ್ಟು ಮೊದಲಾದವನ್ನು ಬೆಂಕಿ ಹೊತ್ತಿಸಲು ಎಂದಿಗೂ ಬಳಸಬಾರದು. ಬೆಂಕಿ ಆರಿದೆಯೆಂದು ಭಾವಿಸಿ ಬೂದಿಯ ಮೇಲೆ ಎಣ್ಣೆ ಸುರಿದಾಗ, ಅಡಿಯಲ್ಲಿ ಉಳಿದಿದ್ದ ಕೆಂಡ ಅದರ ಆವಿಗೆ ಒಮ್ಮೆಲೇ ಕಿಡಿ ಕೊಡುತ್ತದೆ. ಆಗ ಉರಿ ಒಲೆಯ ಬಾಯಿಯಿಂದ ಮುಖಕ್ಕೇ ಬರುತ್ತದೆ. ಎಣ್ಣೆ ಹಾಕದಿದ್ದರೂ ಬಾಗಿಲನ್ನು ತೆರೆಯುವುದರಲ್ಲಿ ಎಚ್ಚರ ಬೇಕು. ಗಾಳಿಯಿಲ್ಲದೆ ಹೊಗೆ ತುಂಬಿಕೊಂಡಿರುವ ಒಲೆಯ ಬಾಗಿಲನ್ನು ಥಟ್ಟನೆ ತೆರೆದರೆ ಒಳನುಗ್ಗಿದ ಗಾಳಿಗೆ ಆ ಅನಿಲಗಳೆಲ್ಲ ಒಟ್ಟಿಗೆ ಭುಗಿಲೇಳಬಹುದು. ಮೊದಲು ಗಾಳಿಕಿಂಡಿಯನ್ನು ಪೂರ್ತಿ ತೆರೆದು ಉರಿ ಚೇತರಿಸಿಕೊಳ್ಳಲು ಬಿಟ್ಟು, ಬಳಿಕ ಬಾಗಿಲನ್ನು ಒಂದಿಂಚು ಮಾತ್ರ ಸರಿಸಿ, ಕೆಲವು ಕ್ಷಣ ತಡೆದು, ಆಮೇಲೆ ನಿಧಾನವಾಗಿ ತೆರೆಯುವುದು ಕ್ರಮ. ಸಡಿಲ ತೋಳಿನ ಬಟ್ಟೆ, ಇಳಿಬಿಟ್ಟ ಸೆರಗು, ಶಾಲು ಇವುಗಳನ್ನು ಕಟ್ಟಿಕೊಂಡು, ದಪ್ಪ ಕೈಗವಸು ಹಾಕಿಕೊಂಡೇ ಸೌದೆ ಹಾಕಬೇಕು.

ಹೊತ್ತಿದ ಮೇಲೆ ಒಲೆಯನ್ನು ನಡೆಸುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಒಂದೇ ಬಾರಿಗೆ ಒಡಲು ತುಂಬುವಷ್ಟು ಸೌದೆ ತುರುಕಿ ಗಾಳಿಯನ್ನು ಮುಚ್ಚಿದರೆ, ಒಳಗಿನ ಕಾವಿಗೆ ಅಷ್ಟೂ ಸೌದೆ ಅನಿಲ ಬಿಡುತ್ತದೆ, ಅದನ್ನು ಉರಿಸಲು ಆಮ್ಲಜನಕ ಮಾತ್ರ ಇರುವುದಿಲ್ಲ. ಇದರ ಬದಲು ಒಂದೆರಡು ಸೀಳುಗಳನ್ನಷ್ಟೇ ಒಳ್ಳೆಯ ಕೆಂಡದ ಮೇಲೆ ಹಾಕಿ, ಅವು ಪೂರ್ತಿ ಹೊತ್ತಿಕೊಳ್ಳುವವರೆಗೆ ಗಾಳಿಯನ್ನು ಧಾರಾಳವಾಗಿ ಬಿಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ತಗ್ಗಿಸಬೇಕು. ತಗ್ಗಿಸುವಾಗ ಜ್ವಾಲೆಯ ಮೇಲೆ ಕಣ್ಣಿರಲಿ. ಹಳದಿ ಜ್ವಾಲೆ ನಿಧಾನವಾಗಿ, ಚುರುಕು ಕಳೆದುಕೊಳ್ಳದೆ ಆಡುತ್ತಿದ್ದರೆ ಗಾಳಿ ಸಾಕಷ್ಟಿದೆ. ಅದು ಮಂಕಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿ ತುದಿಯಲ್ಲಿ ಕಪ್ಪು ಹೊಗೆ ಕಂಡರೆ ಗಾಳಿ ಕಡಿಮೆಯಾಯಿತು. ಬಾಗಿಲಿನ ಗಾಜು ದಿನದಿನಕ್ಕೆ ಕಪ್ಪಾಗುತ್ತಿರುವುದು ಸೌದೆ ಹಸಿಯಿದೆ ಅಥವಾ ಗಾಳಿ ಸಾಲದು ಎಂಬುದರ ಗುರುತು. ಗಾಜನ್ನು ಉಜ್ಜಿ ತೊಳೆದು ಆ ಗುರುತನ್ನು ಅಳಿಸುವ ಮೊದಲು ಕಾರಣವನ್ನು ಹುಡುಕಬೇಕು. ಕೊಳವೆಯ ಹೊರಮೈಗೆ ಅಂಟಿಸುವ ಉಷ್ಣಮಾಪಕವೊಂದಿದ್ದರೆ ಊಹೆಯ ಅಗತ್ಯವೇ ಇರುವುದಿಲ್ಲ. ಒಂದೇ ಪದರದ ಕೊಳವೆಯಲ್ಲಿ ಅದು ಸುಮಾರು 120ರಿಂದ 245 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲುವಂತೆ ನೋಡಿಕೊಂಡರೆ ಒಲೆ ಹದವಾಗಿ ನಡೆಯುತ್ತಿದೆ ಎಂದು ತಿಳಿಯಬಹುದು. ಅದಕ್ಕಿಂತ ಬಹಳ ಮೇಲೇರುವುದೂ ಒಳ್ಳೆಯದಲ್ಲ. ಒಲೆಯ ಯಾವುದಾದರೂ ಭಾಗ ಕೆಂಪಗೆ ಕಾದು ಹೊಳೆಯತೊಡಗಿದರೆ ಅದು ಮಿತಿಮೀರಿದೆ. ಕೂಡಲೇ ಗಾಳಿಯನ್ನು ತಗ್ಗಿಸಬೇಕು, ನೀರನ್ನು ಮಾತ್ರ ಎರಚಬಾರದು, ಕಾದ ಕಬ್ಬಿಣ ಬಿರಿಯುತ್ತದೆ.

ರಾತ್ರಿ ಮಲಗುವ ಮುನ್ನ ಒಡಲು ತುಂಬ ಸೌದೆ ಹಾಕಿ, ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿ, ಬೆಳಗಿನವರೆಗೆ ಬೆಂಕಿಯನ್ನು ಉಳಿಸಿಕೊಳ್ಳುವ ಅಭ್ಯಾಸವನ್ನು ಬಿಡಲೇಬೇಕೆಂದು ಓದುಗರಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಒಲೆಯಿಂದಾಗುವ ಕೇಡುಗಳೆಲ್ಲ ಆ ಆರೇಳು ಗಂಟೆಗಳಲ್ಲಿ ಒಟ್ಟಾಗುತ್ತವೆ. ಉರಿಯಿಲ್ಲದ್ದರಿಂದ ಕೊಳವೆ ತಣ್ಣಗಾಗುತ್ತದೆ. ಅದರೊಳಗಿನ ಹೊಗೆಯ ಕಾವು ಸುಮಾರು 120 ಡಿಗ್ರಿಗಿಂತ ಕೆಳಗಿಳಿದಾಗ ಅದರಲ್ಲಿರುವ ಆವಿ ಮತ್ತು ಜಿಡ್ಡಿನ ಅಂಶಗಳು ಕೊಳವೆಯ ಗೋಡೆಗೆ ಹನಿಗಟ್ಟಿ ಅಂಟಿಕೊಳ್ಳುತ್ತವೆ. ಕ್ರಿಯೋಸೋಟ್ ಎಂದು ಕರೆಯುವುದು ಇದನ್ನೇ. ಮೊದಮೊದಲು ಪುಡಿಮಸಿಯಂತೆ ಇದ್ದು, ಆಮೇಲೆ ಗರಿಗರಿಯಾದ ಹೊಪ್ಪಳೆಗಳಾಗಿ, ಕೊನೆಗೆ ಡಾಂಬರಿನ ಹಾಗೆ ಕಪ್ಪಗೆ ಮಿರುಗುವ ಗಟ್ಟಿ ಪದರವಾಗಿ ಅದು ಕೂಡುತ್ತ ಹೋಗುತ್ತದೆ. ಮೂರನೆಯ ಹಂತಕ್ಕೆ ಬಂದ ಮೇಲೆ ಸಾಮಾನ್ಯ ಕುಂಚಕ್ಕೆ ಅದು ಜಗ್ಗುವುದಿಲ್ಲ. ಬೆಳಗ್ಗೆ ಚಳಿಗೆ ಜೋರಾಗಿ ಬೆಂಕಿ ಮಾಡಿದಾಗ ಒಂದು ಕಿಡಿ ಅಲ್ಲಿಗೆ ತಲುಪಿದರೆ ಸಾಕು, ಆ ಪದರ ಹತ್ತಿಕೊಳ್ಳುತ್ತದೆ. ಕೊಳವೆಯೊಳಗಿನ ಆ ಬೆಂಕಿ 1,000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಲೋಹವನ್ನು ಸೊಟ್ಟಗಾಗಿಸಿ, ಇಟ್ಟಿಗೆಯನ್ನು ಸೀಳಿ, ಮಾಡಿನ ಮರಕ್ಕೆ ದಾರಿ ಮಾಡಿಕೊಳ್ಳಬಲ್ಲದು. ಚಳಿಗೆ ಹೆಚ್ಚಿನ ಹೊದಿಕೆ ಹೊದ್ದು, ಬೆಂಕಿಯನ್ನು ಉರಿದು ಮುಗಿಯಲು ಬಿಟ್ಟು ಮಲಗುವುದೇ ಸರಿಯಾದ ದಾರಿ.

ಎರಡನೆಯ ಕೇಡು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣನ್ನೂ ಗಂಟಲನ್ನೂ ಅದು ಉರಿಸುವುದಿಲ್ಲ. ಹೊಗೆಯಿದ್ದರೆ ಕೆಮ್ಮು ಬಂದು ಎಚ್ಚರವಾಗುತ್ತದೆ ಎಂದು ನಂಬಿರುವವರು ತಿಳಿಯಬೇಕಾದದ್ದು ಇದು: ಹೊಗೆಯೆಲ್ಲ ಹೋಗಿ ಬರಿಯ ಕೆಂಡ ಉಳಿದಿರುವಾಗಲೇ ಈ ಅನಿಲ ಹೇರಳವಾಗಿ ಹುಟ್ಟುತ್ತದೆ, ಕೊಳವೆಯ ಸೆಳೆತ ದುರ್ಬಲವಾಗುವುದೂ ಆಗಲೇ. ಉಸಿರಿನೊಡನೆ ಒಳಗೆ ಹೋದ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಕೈಕಾಲು ಸೋಲುವುದು ಇದರ ಲಕ್ಷಣಗಳು. ಮನೆಯವರಿಗೆಲ್ಲ ಒಟ್ಟಿಗೆ ಹೀಗಾಗಿ, ಹೊರಗೆ ಹೋದ ಮೇಲೆ ಹಗುರವೆನಿಸಿದರೆ ಅದನ್ನು ಶೀತವೆಂದೋ ಆಹಾರದ ದೋಷವೆಂದೋ ತಳ್ಳಿಹಾಕದೆ ಒಲೆಯನ್ನೇ ಸಂಶಯಿಸಬೇಕು. ತಕ್ಷಣ ಎಲ್ಲರನ್ನೂ ಹೊರಗೆ ಕರೆತಂದು, ನೆರವಿಗೆ ಕರೆ ಮಾಡಿ, ವೈದ್ಯರಿಗೆ ಸೌದೆ ಒಲೆಯ ವಿಷಯವನ್ನು ಮರೆಯದೆ ತಿಳಿಸಬೇಕು. ನಿದ್ದೆಯಲ್ಲಿರುವವರಿಗೆ ಈ ಲಕ್ಷಣಗಳಾವುವೂ ತಿಳಿಯುವುದಿಲ್ಲವಾದ್ದರಿಂದ, ಸೌದೆ ಒಲೆಯಿರುವ ಪ್ರತಿ ಮನೆಯಲ್ಲೂ ಈ ಅನಿಲಕ್ಕೆ ಕೂಗುವ ಅಲಾರಂ ಇರಲೇಬೇಕು. ಒಲೆಯಿರುವ ಕೋಣೆಯಲ್ಲಿ, ಅದರಿಂದ ಒಂದರಿಂದ ಮೂರು ಮೀಟರ್ ದೂರದಲ್ಲಿ ಒಂದು, ಮಲಗುವ ಕೋಣೆಯ ಬಳಿ ಇನ್ನೊಂದು ಇದ್ದರೆ ಒಳ್ಳೆಯದು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಬೇಕು, ಅದರ ಮೇಲೆ ಬರೆದ ಅವಧಿ ಮುಗಿದ ಮೇಲೆ ಹೊಸದನ್ನು ತರಬೇಕು. ಕೊಳವೆಯಿಲ್ಲದ ಅಗ್ಗಿಷ್ಟಿಕೆಯನ್ನೋ ಕೆಂಡದ ಬಾಣಲೆಯನ್ನೋ ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಮಲಗುವುದಂತೂ ಜೀವವನ್ನೇ ಪಣಕ್ಕಿಟ್ಟಂತೆ. ಅಲಾರಂ ಇದೆಯೆಂಬ ಧೈರ್ಯದಿಂದಲೂ ಅದನ್ನು ಮಾಡಬಾರದು.

ಇಷ್ಟು ತೀವ್ರವಲ್ಲದ, ದಿನವೂ ನಡೆಯುವ ಹಾನಿಯೂ ಇದೆ. ಮನೆಯೊಳಗಿನ ಹೊಗೆಯಿಂದಾಗಿ 2020ರಲ್ಲಿ ಜಗತ್ತಿನಾದ್ಯಂತ ಅಂದಾಜು 32 ಲಕ್ಷ ಮಂದಿ ಅಕಾಲ ಮರಣಕ್ಕೀಡಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇವರಲ್ಲಿ ಹೆಚ್ಚಿನವರು ಕೊಳವೆಯಿಲ್ಲದ ತೆರೆದ ಒಲೆಗಳ ಹೊಗೆಯುಂಡವರು ಎಂಬುದು ನಿಜ. ಆದರೂ ಕೊಳವೆಯಿರುವ ಒಲೆ ಕೂಡ ಪ್ರತಿ ಬಾರಿ ಬಾಗಿಲು ತೆರೆದಾಗ ಅತಿ ಸೂಕ್ಷ್ಮ ಕಣಗಳನ್ನು ಕೋಣೆಗೆ ಬಿಡುತ್ತದೆ. ಆಸ್ತಮಾ ಅಥವಾ ಹೃದ್ರೋಗ ಇರುವವರು, ಗರ್ಭಿಣಿಯರು, ಹಸುಗೂಸುಗಳು ಇರುವ ಮನೆಯಲ್ಲಿ, ಚಳಿ ಕಾಯಲು ಬೇರೆ ಅನುಕೂಲವಿದ್ದರೆ ಸೌದೆ ಒಲೆಯನ್ನು ಹೊತ್ತಿಸದಿರುವುದೇ ಮೇಲು ಎಂದು ನಾನು ನೇರವಾಗಿ ಹೇಳುತ್ತೇನೆ. ಸೌದೆ ಒಲೆಯ ಮೇಲೆ ಎಷ್ಟೇ ಅಭಿಮಾನವಿದ್ದರೂ ಈ ಮಾತನ್ನು ಮುಚ್ಚಿಡುವುದು ನ್ಯಾಯವಲ್ಲ. ಗಾಳಿಯಾಡದೆ ಮಂಜು ಕವಿದು ನಿಂತ ದಿನಗಳಲ್ಲಿ ಹೊಗೆ ಮೇಲೇರದೆ ಅಕ್ಕಪಕ್ಕದ ಮನೆಗಳಿಗೆ ಇಳಿಯುವುದರಿಂದ, ಅಂಥ ದಿನ ನೆರೆಹೊರೆಯವರ ವಿಚಾರವನ್ನೂ ಮಾಡಬೇಕು.

ಹೊಗೆಕೊಳವೆಯನ್ನು ವರ್ಷಕ್ಕೆ ಒಮ್ಮೆಯಾದರೂ ತಿಳಿದವರಿಂದ ಪರೀಕ್ಷೆ ಮಾಡಿಸಿ ಗುಡಿಸಬೇಕು. ದಿನವೂ ಉರಿಸುವವರು ಋತುವಿನ ನಡುವೆ ಇನ್ನೊಮ್ಮೆ ನೋಡುವುದು ಒಳಿತು. ಒಳಮೈಯಲ್ಲಿ ಮೂರು ಮಿಲಿಮೀಟರ್ ದಪ್ಪದ ಮಸಿ ಕೂಡಿದರೆ ಗುಡಿಸುವ ಕಾಲ ಬಂತೆಂದು ತಿಳಿಯಬೇಕು. ಬಹುಕಾಲ ಬಳಸದೆ ಬಿಟ್ಟ ಕೊಳವೆಯಲ್ಲಿ ಹಕ್ಕಿಗಳು ಗೂಡು ಕಟ್ಟಿರುವುದೂ ಉಂಟು. ಬಾಗಿಲ ಅಂಚಿನ ಹಗ್ಗದಂಥ ಬಿಗಿಪಟ್ಟಿ ಸವೆದಿದ್ದರೆ ಬೇಡವಾದ ಗಾಳಿ ಒಳಸೇರಿ, ಕಿಂಡಿ ಮುಚ್ಚಿದರೂ ಉರಿ ಹತೋಟಿಗೆ ಬರುವುದಿಲ್ಲ. ಬಾಗಿಲ ಸಂದಿನಲ್ಲಿ ಒಂದು ಕಾಗದದ ಚೂರಿಟ್ಟು ಮುಚ್ಚಿ ಎಳೆದು ನೋಡಿ; ಸಲೀಸಾಗಿ ಬಂದುಬಿಟ್ಟರೆ ಪಟ್ಟಿಯನ್ನು ಬದಲಾಯಿಸಬೇಕು. ಈ ಪರೀಕ್ಷೆಯನ್ನು ಒಲೆ ತಣ್ಣಗಿರುವಾಗ ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಾಗಿಯೂ ಕೊಳವೆಗೆ ಬೆಂಕಿ ಹತ್ತಿದರೆ ಅದರ ಸದ್ದೇ ಬೇರೆ. ಗುಡುಗಿನಂಥ ಮೊರೆತ ಕೇಳಿಸುತ್ತದೆ, ಕೊಳವೆ ನಡುಗುತ್ತದೆ, ಮಾಡಿನ ಮೇಲೆ ಕಿಡಿಗಳು ಚಿಮ್ಮುತ್ತವೆ. ಒಲೆಯ ಬಾಗಿಲನ್ನೂ ಎಲ್ಲ ಗಾಳಿಕಿಂಡಿಗಳನ್ನೂ ಮುಚ್ಚಿ, ಮನೆಯವರನ್ನೆಲ್ಲ ಹೊರಗೆ ಕಳಿಸಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು. ಮುಚ್ಚಲು ಹೋಗುವುದೇ ಅಪಾಯವೆನಿಸಿದರೆ ಅದನ್ನೂ ಬಿಟ್ಟು ಹೊರಗೆ ಬರಬೇಕು. ಕೊಳವೆಯೊಳಗೆ ನೀರು ಸುರಿಯುವ ಸಾಹಸ ಬೇಡ. ನೀರು ಒಮ್ಮೆಲೇ ಆವಿಯಾಗಿ ಹಿಗ್ಗಿ ಕೊಳವೆಯನ್ನೇ ಸಿಡಿಸಬಹುದು. ಬೆಂಕಿ ತಾನಾಗಿ ಆರಿದಂತೆ ಕಂಡರೂ ಪರೀಕ್ಷೆಯಾಗುವವರೆಗೆ ಆ ಒಲೆಯನ್ನು ಮತ್ತೆ ಹೊತ್ತಿಸಬಾರದು, ಏಕೆಂದರೆ ಒಳಗೆ ಬಿರುಕು ಬಿಟ್ಟ ಕೊಳವೆ ಹೊರಗಿನಿಂದ ನೋಡಿದರೆ ಸರಿಯಾಗಿಯೇ ಇರುತ್ತದೆ.

ಅಂತರದ ಬಗ್ಗೆ ಒಂದೆರಡು ಮಾತು. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿರದಿದ್ದರೆ, ಮರದ ಗೋಡೆ, ಪೀಠೋಪಕರಣ, ಪರದೆ, ಒಣಗಲು ಹಾಕಿದ ಬಟ್ಟೆ, ಪಕ್ಕದಲ್ಲಿ ಒಟ್ಟಿದ ಸೌದೆ, ಹೀಗೆ ಹೊತ್ತಿಕೊಳ್ಳಬಲ್ಲ ಯಾವುದೂ ಒಲೆಯಿಂದ 90 ಸೆಂಟಿಮೀಟರ್ ಒಳಗೆ ಇರಬಾರದು. ವರ್ಷಗಟ್ಟಲೆ ಕಾವು ತಾಗಿಸಿಕೊಂಡ ಮರ ಒಳಗೊಳಗೇ ಕರಿಗಟ್ಟಿ, ಹೊಸ ಮರಕ್ಕಿಂತ ಕಡಿಮೆ ಕಾವಿಗೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ. ಇಷ್ಟು ವರ್ಷ ಏನೂ ಆಗಿಲ್ಲವೆಂಬುದು ಇಲ್ಲಿ ಧೈರ್ಯಕ್ಕೆ ಕಾರಣವಾಗದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಒಲೆಯ ಸುತ್ತ ನೆಲಕ್ಕೆ ಬಿಗಿದ ಕಂಬಿಯ ಬೇಲಿ ಬೇಕು. ಮೈ ಸುಟ್ಟರೆ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಎಣ್ಣೆ, ಪೇಸ್ಟು ಹಚ್ಚಬಾರದು.

ಕೊನೆಯದಾಗಿ ಬೂದಿ. ಬೂದಿ ಮುಚ್ಚಿದ ಕೆಂಡವೆಂಬ ಮಾತನ್ನು ನಾವು ಬಾಯಿತುಂಬ ಆಡುತ್ತೇವೆ, ಆದರೆ ಒಲೆಯ ಬೂದಿಯನ್ನು ತೆಗೆಯುವಾಗ ಅದನ್ನು ಮರೆಯುತ್ತೇವೆ. ಬೂದಿಯ ನಡುವೆ ಹುದುಗಿದ ಕಡಲೆಗಾತ್ರದ ಕೆಂಡಕ್ಕೆ ಗಾಳಿ ತೀರ ಕಡಿಮೆ ಸಿಗುವುದರಿಂದ ಅದು ಬೇಗ ಉರಿದು ಮುಗಿಯುವುದಿಲ್ಲ, ಬೂದಿ ಕಾವನ್ನು ಹೊರಗೆ ಬಿಡುವುದೂ ಇಲ್ಲ. ಹೀಗೆ ಅದು ಮೂರು ನಾಲ್ಕು ದಿನಗಳವರೆಗೂ ಜೀವ ಹಿಡಿದಿರಬಲ್ಲದು. ಮೇಲೆ ಕೈಯಿಟ್ಟು ನೋಡಿದರೆ ತಣ್ಣಗಿರುತ್ತದೆ, ಸಲಿಕೆಯಲ್ಲಿ ಎತ್ತಿ ಗಾಳಿಗೆ ತೆರೆದಾಗ ನಡುವೆ ಕೆಂಪು ಚುಕ್ಕಿಯೊಂದು ಮಿನುಗುತ್ತದೆ. ಅದನ್ನು ಪ್ಲಾಸ್ಟಿಕ್ ಬಕೆಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಗೋಣಿಚೀಲಕ್ಕೋ ತುಂಬಿ ಜಗುಲಿಯ ಮೇಲೆ ಇಟ್ಟರೆ ಮನೆಗೆ ಬೆಂಕಿಯಿಟ್ಟಂತೆಯೇ. ಬಿಗಿಯಾದ ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ, ಮನೆಯಿಂದ ಕನಿಷ್ಠ ಮೂರು ಮೀಟರ್ ದೂರದಲ್ಲಿ, ಕಲ್ಲು ಅಥವಾ ಮಣ್ಣಿನ ನೆಲದ ಮೇಲೆ ಇಡಬೇಕು. ಡಬ್ಬಿಯನ್ನು ಮನೆಯೊಳಗೆ ಇಟ್ಟರೆ ಆ ಕೆಂಡಗಳಿಂದಲೇ ಕಾರ್ಬನ್ ಮಾನಾಕ್ಸೈಡ್ ಹರಡೀತು. ವ್ಯಾಕ್ಯೂಮ್ ಯಂತ್ರದಿಂದ ಬೂದಿಯನ್ನು ಹೀರಿಸಬಾರದು. ಒದ್ದೆಯಾದ ಬೂದಿ ಕ್ಷಾರವಾಗಿ ಚರ್ಮವನ್ನು ಸುಡುವುದರಿಂದ ಬರಿಗೈಯಲ್ಲಿ ಮುಟ್ಟಬಾರದು. ಒಲೆಯ ಅಡಿಯಲ್ಲಿ ಎರಡು ಸೆಂಟಿಮೀಟರಿನಷ್ಟು ಬೂದಿಯನ್ನು ಬಿಡುವುದರಿಂದ ಮುಂದಿನ ಬೆಂಕಿ ಬೇಗ ಹಿಡಿಯುತ್ತದೆ, ತಳದ ಕಬ್ಬಿಣಕ್ಕೂ ರಕ್ಷಣೆ.

ಸಂಪಾದಕರಲ್ಲಿ ನನ್ನದೊಂದು ವಿನಂತಿಯಿದೆ. ಒಲೆಯ ಬೆಂಕಿಯಿಂದ ಮನೆ ಸುಟ್ಟ, ಇಲ್ಲವೇ ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿ ಸಾವಾದ ಸುದ್ದಿ ಬಂದಾಗ, ಪತ್ರಿಕೆಗಳಲ್ಲಿ ಆಕಸ್ಮಿಕ ಬೆಂಕಿ ಅಥವಾ ಆಕಸ್ಮಿಕ ಸಾವು ಎಂಬ ಎರಡು ಪದಗಳಲ್ಲಿ ಕಾರಣ ಮುಗಿದುಹೋಗುತ್ತದೆ. ಕೊಳವೆಯನ್ನು ಕಡೆಯ ಬಾರಿ ಯಾವಾಗ ಗುಡಿಸಿದ್ದರು, ಸೌದೆ ಹಸಿಯಿತ್ತೇ, ರಾತ್ರಿ ಗಾಳಿಕಿಂಡಿ ಮುಚ್ಚಿತ್ತೇ, ಬೂದಿಯನ್ನು ಯಾವುದರಲ್ಲಿ ತುಂಬಿಟ್ಟಿದ್ದರು, ಮನೆಯಲ್ಲಿ ಅಲಾರಂ ಇತ್ತೇ ಎಂಬುದನ್ನು ತಮ್ಮ ವರದಿಗಾರರು ಅಗ್ನಿಶಾಮಕ ಅಧಿಕಾರಿಗಳನ್ನು ಕೇಳಿ ತಿಳಿದು, ನೊಂದ ಮನೆಯವರನ್ನು ದೂಷಿಸದ ರೀತಿಯಲ್ಲಿ, ವರದಿಯ ಜೊತೆಗೆ ಪ್ರಕಟಿಸಬೇಕೆಂದು ಕೋರುತ್ತೇನೆ. ಅಂಥ ವರದಿಯನ್ನು ಓದಿದವರು ಅದೇ ದಿನ ಸಂಜೆ ತಮ್ಮ ಮನೆಯ ಒಲೆಯಲ್ಲಿ ಏನನ್ನು ನೋಡಬೇಕೆಂದು ತಿಳಿದುಕೊಳ್ಳುತ್ತಾರೆ.

ಇತಿ,
ತಮ್ಮ ಪತ್ರಿಕೆಯ ಓದುಗ